ಗಾಯ ಕೈಗೆ, ಮುಲಾಮು ಕತ್ತಿಗೆ: ಸರ್ಜನ್ ಅವರಿಗೆ ಒಂದು ಪ್ರಶ್ನೆ

ಪ್ರಶ್ನೆ – ಹೈಸ್ಕೂಲ್ ಮೇಷ್ಟ್ರು

ಡಾಕ್ಟ್ರೇ ನಮಸ್ಕಾರ. ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡೋನು. ಯುರೋಪಿನ ಪುನರುಜ್ಜೀವನದ ಪಾಠ ನಡೀತಿದ್ದಾಗ ಒಬ್ಬಳು ಹುಡುಗಿ ಎದ್ದು ನಿಂತು, ಸಾರ್ ಆಗಿನ ಕಾಲದಲ್ಲಿ ಕತ್ತಿ ಏಟು ಬಿದ್ರೆ ಗಾಯಕ್ಕೆ ಔಷಧಿ ಹಾಕ್ತಿರ್ಲಿಲ್ವಂತೆ, ಹೊಡೆದ ಕತ್ತಿಗೇ ಮುಲಾಮು ಹಚ್ಚಿ ಬಟ್ಟೆ ಸುತ್ತಿ ಇಡ್ತಿದ್ರಂತೆ, ಗಾಯ ವಾಸಿ ಆಗ್ತಿತ್ತಂತೆ, ಹೌದಾ ಅಂತ ಕೇಳಿದ್ಲು. ಕ್ಲಾಸೆಲ್ಲ ನಕ್ಕುಬಿಡ್ತು, ಮಗು ಮುಖ ಸಣ್ಣದಾಗೋಯ್ತು. ನಾಳೆ ಹೇಳ್ತೀನಿ ಕೂತ್ಕೋ ಅಂದೆ. ಮನೆಗೆ ಬಂದು ಹುಡುಕಿ ನೋಡಿದ್ರೆ ಅವಳು ಹೇಳಿದ್ದು ಹೌದು! ಈಗ ನನ್ನ ಪ್ರಶ್ನೆ ಏನಂದ್ರೆ, ಓದಿದವರು, ದೊಡ್ಡ ದೊಡ್ಡ ವಿದ್ವಾಂಸರೇ ಇದು ವಾಸಿ ಆಗುತ್ತೆ ಅಂತ ಬರೆದಿದ್ದಾರಲ್ಲ, ಅದು ಹೇಗೆ? ಎಲ್ಲರೂ ಸೇರಿ ಸುಳ್ಳು ಹೇಳ್ತಿದ್ರಾ? ನೀವು ದಿನಾ ಗಾಯ ನೋಡೋರು, ನೀವೇ ಹೇಳ್ಬೇಕು.

ಉತ್ತರ – ಸರ್ಜನ್

ಮೇಷ್ಟ್ರೇ, ಮೊದಲು ಒಂದು ಕೆಲಸ ಮಾಡಿ. ನಾಳೆ ಕ್ಲಾಸಿಗೆ ಹೋದ ತಕ್ಷಣ ಆ ಮಗು ಹೇಳಿದ್ದು ಸರಿ ಅಂತ ಎಲ್ಲರ ಎದುರಿಗೇ ಹೇಳ್ಬಿಡಿ. ಮಿಕ್ಕಿದ್ದು ಆಮೇಲೆ.

ಸುಳ್ಳು ಹೇಳ್ತಿರ್ಲಿಲ್ಲ ಅವರು. ಕತ್ತಿಗೆ ಮುಲಾಮು ಹಚ್ಚಿದಾಗ ಗಾಯ ನಿಜವಾಗ್ಲೂ ವಾಸಿ ಆಗ್ತಿತ್ತು, ಆಗಿನ ಸರ್ಜನ್‌ಗಳ ಕೈಗೆ ಸಿಕ್ಕ ಎಷ್ಟೋ ಗಾಯಕ್ಕಿಂತ ಚೆನ್ನಾಗೇ ವಾಸಿ ಆಗಿರ್ಬೇಕು. ನಾನು ಸರ್ಜನ್ ಆಗಿದ್ದುಕೊಂಡು ಇದನ್ನ ಹೇಳ್ತಿದ್ದೀನಿ, ಕಾರಣ ಇದೆ.

ಇದಕ್ಕೆ ಆಯುಧದ ಮುಲಾಮು ಅಂತಾನೇ ಹೆಸರು. ಪ್ಯಾರಾಸೆಲ್ಸಸ್ ಅಂತ ಸ್ವಿಟ್ಜರ್ಲೆಂಡ್ ಕಡೆಯ ವೈದ್ಯ ಇದ್ದ, 1541ರಲ್ಲಿ ತೀರಿಕೊಂಡ, ಅವನು ಹೋಗಿ ಸುಮಾರು ಮೂವತ್ತು ವರ್ಷ ಆದ್ಮೇಲೆ ಅವನ ಹೆಸರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಇದನ್ನ ಮಾಡೋ ಕ್ರಮ ಇದೆ. ಸತ್ತವನ ತಲೆಬುರುಡೆ ಮೇಲೆ ಬೆಳೆದ ಪಾಚಿ, ಮನುಷ್ಯರ ಕೊಬ್ಬು, ಮನುಷ್ಯರ ರಕ್ತ, ಮಮ್ಮಿ ಪುಡಿ, ಅಗಸೆ ಎಣ್ಣೆ, ಗುಲಾಬಿ ಎಣ್ಣೆ, ಒಂಥರಾ ಕೆಂಪು ಜೇಡಿಮಣ್ಣು, ಎಲ್ಲ ಸೇರಿಸಿ ಅರೀಬೇಕು. ಏಟು ಹಾಕಿದ ಆಯುಧ ಸಿಕ್ರೆ ಅದಕ್ಕೆ ಹಚ್ಚೋದು, ಸಿಗದಿದ್ರೆ ಒಂದು ಕಡ್ಡೀನ ಗಾಯದ ರಕ್ತದಲ್ಲಿ ಅದ್ದಿ ಆ ಕಡ್ಡಿಗೆ ಹಚ್ಚೋದು. ಕೇಳಿದ್ರೆ ಹೊಟ್ಟೆ ತೊಳಸುತ್ತೆ. ಆದ್ರೆ ಎಲ್ರೂ ಪಾಕ ಓದಿ ಅಲ್ಲಿಗೇ ನಿಲ್ಲಿಸ್ತಾರೆ, ಮುಂದೆ ಗಾಯಕ್ಕೆ ಏನು ಮಾಡಿ ಅಂತ ಹೇಳಿದ್ದಾರೆ ಅನ್ನೋದನ್ನ ಓದಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ತನ್ನ ಕೊನೆಗಾಲದ ಪುಸ್ತಕದಲ್ಲಿ ಇದನ್ನ ಬರೆದಿಟ್ಟಿದ್ದಾನೆ, ತನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ ಅಂತ ಹೇಳಿಯೇ ಬರೀತಾನೆ. ಗಾಯವನ್ನ ಮೊದಲು ಬಿಳಿ ವೈನಲ್ಲಿ ಇಲ್ಲಾ ರೋಗಿಯ ಮೂತ್ರದಲ್ಲೇ ಚೆನ್ನಾಗಿ ತೊಳೀಬೇಕು, ನಯವಾದ ನಾರುಬಟ್ಟೇಲಿ ಬಿಗಿಯಾಗಿ ಕಟ್ಟಬೇಕು, ವಾಸಿ ಆಗೋ ತನಕ ಮತ್ತೆ ಬಿಚ್ಚಿ ಡ್ರೆಸ್ಸಿಂಗ್ ಮಾಡ್ಬಾರ್ದು.

ಇಲ್ಲೇ ಇದೆ ನೋಡಿ ಗುಟ್ಟು. ತೊಳಿ, ಕಟ್ಟು, ಮುಟ್ಟಬೇಡ. ಕತ್ತಿಯ ಗಾಯ ಅಂದ್ರೆ ಅಂಚು ನೀಟಾಗಿರುತ್ತೆ, ಎರಡೂ ಅಂಚು ಕೂಡಿಸಿ ಕಟ್ಟಿದ್ರೆ ಒಂದೆರಡು ದಿನದಲ್ಲೇ ಮೇಲೆ ತೆಳುವಾದ ಚರ್ಮದ ಪದರ ಹಾಸಿಕೊಳ್ಳುತ್ತೆ, ಒಳಗೆ ದೇಹ ತನ್ನ ಪಾಡಿಗೆ ತಾನು ಹೊಲಿಗೆ ಹಾಕ್ಕೊಂಡು ಬರುತ್ತೆ. ನಾವು ಸರ್ಜನ್‌ಗಳು ಮಾಡೋದೂ ಅಷ್ಟೇ, ಆ ಕೆಲಸಕ್ಕೆ ಅಡ್ಡಿ ಬರೋದನ್ನೆಲ್ಲ ತೆಗೆದು ದೂರ ಸರಿಯೋದು. ಜೊತೆಗೆ ಮುಲಾಮಿನವರದ್ದೇ ಒಂದು ಷರತ್ತೂ ಇತ್ತು, ದೊಡ್ಡ ರಕ್ತನಾಳ, ಮುಖ್ಯ ಅಂಗಕ್ಕೆ ಏಟು ಬಿದ್ದಿದ್ರೆ ಇದು ಕೆಲಸ ಮಾಡಲ್ಲ ಅಂತ. ಅಂದ್ರೆ ಸಾಯೋ ಗಾಯ ಲೆಕ್ಕಕ್ಕೇ ಬರ್ತಿರ್ಲಿಲ್ಲ, ಬದುಕೋ ಗಾಯ ಮಾತ್ರ ಲೆಕ್ಕ.

ಈಗ ಇನ್ನೊಂದು ಪಕ್ಕ ನೋಡಿ, ಗಾಯಕ್ಕೇ ಔಷಧಿ ಹಾಕ್ತಿದ್ದವರು ಏನು ಹಾಕ್ತಿದ್ರು. ಈ ಕಥೆ ನನಗೆ ಓದಿದಾಗಿಂದ ಮನಸ್ಸಲ್ಲಿ ಕೂತಿದೆ. ಆಂಬ್ರ್ವಾಸ್ ಪಾರೆ ಅಂತ ಫ್ರಾನ್ಸಿನ ಕ್ಷೌರಿಕ ಸರ್ಜನ್, ಆಗ ಕ್ಷೌರದವರೇ ಗಾಯ, ಮೂಳೆ, ಹಲ್ಲು ಎಲ್ಲ ನೋಡ್ತಿದ್ದದ್ದು. 1537ರ ಸುಮಾರಿಗೆ ಇಟಲಿಯ ಟುರಿನ್ ಕಡೆ ಯುದ್ಧಕ್ಕೆ ಹೋದ, ಇನ್ನೂ ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಗುಂಡೇಟು ಕಣ್ಣಲ್ಲಿ ನೋಡಿದ್ದೇ ಅದು ಮೊದಲು. ಜಿಯೊವಾನಿ ದ ವಿಗೊ ಅನ್ನೋ ದೊಡ್ಡ ಸರ್ಜನ್ ಬರೆದಿದ್ದ, ಬಂದೂಕಿನ ಮದ್ದಿನ ಪುಡಿ ವಿಷ, ಗುಂಡಿನ ಗಾಯ ನಂಜು, ಅದಕ್ಕೆ ಕುದಿಯೋ ಎಣ್ಣೆ ಹಾಕಿ ಸುಡಬೇಕು ಅಂತ. ಪಾರೆಗೆ ಅನುಮಾನ ಇತ್ತು, ಆದ್ರೂ ಉಳಿದ ಸರ್ಜನ್‌ಗಳು ಮಾಡೋದು ನೋಡಿ ತಾನೂ ಧೈರ್ಯ ಮಾಡಿ ಸಿಪಾಯಿಗಳ ಗಾಯಕ್ಕೆ ಕುದಿಯೋ ಎಣ್ಣೆ ಹೊಯ್ದ. ಒಂದು ದಿನ ಎಣ್ಣೆ ಮುಗಿದೋಯ್ತು. ಗಾಯಾಳುಗಳು ಸಾಲಾಗಿ ಬಿದ್ದಿದ್ದಾರೆ, ಬೇರೆ ದಾರಿ ಇಲ್ಲ, ಮೊಟ್ಟೆ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿ ಕಟ್ಟಿದ. ರಾತ್ರಿ ಎಲ್ಲ ನಿದ್ದೆ ಬರ್ಲಿಲ್ಲವಂತೆ, ಸುಡದೆ ಬಿಟ್ಟಿದ್ದೀನಿ, ಬೆಳಿಗ್ಗೆ ಹೋಗಿ ನೋಡಿದ್ರೆ ನಂಜು ಏರಿ ಎಲ್ಲ ಸತ್ತಿರ್ತಾರೆ ಅಂತ ಭಯ. ಕತ್ತಲಲ್ಲೇ ಎದ್ದು ಓಡಿ ಹೋದ. ಹೋಗಿ ನೋಡ್ತಾನೆ, ಮೊಟ್ಟೆ ಹಚ್ಚಿದವರಿಗೆ ನೋವು ಅಷ್ಟಿಲ್ಲ, ಗಾಯ ಊದಿಲ್ಲ, ರಾತ್ರಿ ತಕ್ಕಮಟ್ಟಿಗೆ ಮಲಗಿದ್ದಾರೆ. ಎಣ್ಣೆ ಹೊಯ್ಸಿಕೊಂಡವರು ಜ್ವರದಲ್ಲಿ ನರಳ್ತಾ ಇದ್ದಾರೆ, ಗಾಯದ ಸುತ್ತ ಊತ. ಅವತ್ತೇ ತೀರ್ಮಾನ ಮಾಡಿದ, ಇನ್ನು ಯಾವತ್ತೂ ಪಾಪದ ಜನರನ್ನ ಹೀಗೆ ಸುಡಲ್ಲ ಅಂತ. 1545ರಲ್ಲಿ ಅದನ್ನೇ ಪುಸ್ತಕ ಮಾಡಿ ಅಚ್ಚು ಹಾಕಿಸಿದ.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ಕಾಲಿನ ಗಾಯ ಬಿಟ್ಟು ಬಂದು ರಾತ್ರಿ ಎರಡು ಗಂಟೆಗೆ ಎದ್ದು ವಾರ್ಡಿಗೆ ಹೋಗಿ ಟಾರ್ಚ್ ಹಾಕಿ ನೋಡಿದ್ದು ನೆನಪಿದೆ, ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಅಷ್ಟು ಅಕ್ಕರೆ.

ಈಗ ಎರಡನ್ನೂ ಪಕ್ಕಪಕ್ಕ ಇಡಿ ಮೇಷ್ಟ್ರೇ. ಒಬ್ಬನ ಗಾಯಕ್ಕೆ ಕುದಿಯೋ ಎಣ್ಣೆ, ಬಗೆಬಗೆಯ ಲೇಪ. ಇನ್ನೊಬ್ಬನ ಗಾಯ ತೊಳೆದು ಕಟ್ಟಿ ಬಿಟ್ಟಿದ್ದಾರೆ, ಔಷಧಿ ಎಲ್ಲ ಕತ್ತಿಗೆ. ಬುರುಡೆ ಪಾಚಿ, ಕೊಳೆತ ಕೊಬ್ಬು, ಅದೆಲ್ಲ ಗಾಯದಿಂದ ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು. ಮುಲಾಮು ಮಾಡಿದ ಉಪಕಾರ ಅದೊಂದೇ, ಅದು ಗಾಯದ ಮೇಲೆ ಇರ್ಲಿಲ್ಲ.

ಪ್ರಶ್ನೆ – ಸ್ಟಾಫ್ ನರ್ಸ್

ಸರ್ ತುಂಬಾ ಚೆನ್ನಾಗಿ ಹೇಳಿದ್ರಿ. ನನಗೆ ಒಂದು ಡೌಟು, ಕತ್ತಿಗೆ ಹಚ್ಚಿದ ತಕ್ಷಣ ರೋಗಿಗೆ ತಂಪು ಅನ್ನಿಸ್ತಿತ್ತು, ನೋವು ಹೋಗ್ತಿತ್ತು ಅಂತಾನೂ ಓದಿದೀನಿ. ಅದು ಹೇಗೆ? ಆಮೇಲೆ ಮಮ್ಮಿ ಪುಡಿ ಅಂದ್ರಲ್ಲ, ಈಜಿಪ್ಟಿನ ಮಮ್ಮೀನಾ? ನಿಜವಾಗ್ಲೂ ತಿಂತಿದ್ರಾ?

ಉತ್ತರ – ಸರ್ಜನ್

ಮೇಡಂ, ತಂಪಿನ ಕಥೆ ಇಂಗ್ಲೆಂಡಿನ ಸರ್ ಕೆನೆಲ್ಮ್ ಡಿಗ್ಬಿಯದ್ದು. ಅವನು ಮುಲಾಮು ಬಿಟ್ಟು ಒಂದು ಪುಡಿ ಇಟ್ಕೊಂಡಿದ್ದ, ಬರೀ ವಿಟ್ರಿಯಾಲ್, ನಮ್ಮ ಗ್ರಂಥಿಗೆ ಅಂಗಡೀಲಿ ಅನ್ನಭೇದಿ ಅಂತ ಕೊಡ್ತಾರಲ್ಲ ಅದು ಅಂತ ತಿಳ್ಕೊಳ್ಳಿ, ಅದನ್ನ ಬಿಸಿಲಲ್ಲಿ ಒಣಗಿಸಿದ್ದು. ಜೇಮ್ಸ್ ಹೋವೆಲ್ ಅನ್ನೋ ಲೇಖಕ ಇಬ್ಬರು ಸ್ನೇಹಿತರು ಕತ್ತಿ ಹಿಡ್ಕೊಂಡು ಹೊಡೆದಾಡ್ತಿದ್ದಾಗ ಬಿಡಿಸೋಕೆ ಹೋಗಿ ಕೈ ಕೊಯ್ಸಿಕೊಂಡ, ಮೂಳೆ ತನಕ ಗಾಯ. ನಾಲ್ಕೈದು ದಿನ ಆದ್ಮೇಲೆ ಕೈ ಕೊಳೆಯುತ್ತೇನೋ ಅಂತ ಹೆದರಿ ಡಿಗ್ಬಿ ಹತ್ರ ಬಂದ. ಮೊದಲ ದಿನ ಗಾಯಕ್ಕೆ ಸುತ್ತಿದ್ದ ರಕ್ತ ಹತ್ತಿದ ಕಾಲುಪಟ್ಟಿ ತರಿಸಿ ಡಿಗ್ಬಿ ಅದನ್ನ ಪುಡಿ ಕರಗಿಸಿದ ನೀರಲ್ಲಿ ಹಾಕಿದ. ಹೋವೆಲ್ ಕೋಣೆಯ ಆ ಮೂಲೇಲಿ ಯಾರದ್ದೋ ಜೊತೆ ಮಾತಾಡ್ತಾ ನಿಂತಿದ್ದವನು ಬೆಚ್ಚಿಬಿದ್ದು, ನೋವೇ ಇಲ್ಲ, ಕೈ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ ತಂಪಾಗ್ತಿದೆ ಅಂದನಂತೆ. ಊಟ ಆದ್ಮೇಲೆ ಡಿಗ್ಬಿ ಪಟ್ಟೀನ ಬೆಂಕಿ ಮುಂದೆ ಒಣಗೋಕೆ ಹಾಕ್ದ, ಹೋವೆಲ್ ಆಳು ಓಡಿ ಬಂದ, ನಮ್ ಯಜಮಾನರ ಕೈ ಮತ್ತೆ ಉರೀತಿದೆ ಅಂತ. ಮತ್ತೆ ನೀರಿಗೆ ಹಾಕಿದ, ಉರಿ ಹೋಯ್ತು, ಐದಾರು ದಿನದಲ್ಲಿ ಗಾಯ ಮುಚ್ಚಿಕೊಂಡ್ತು. 1658ರಲ್ಲಿ ಅಚ್ಚಾದ ಈ ಕಥೆ ಯುರೋಪೆಲ್ಲ ಓಡಾಡ್ತು.

ಇದು ಡಿಗ್ಬಿ ತಾನೇ ಹೇಳಿದ ಕಥೆ, ವರ್ಷಗಳು ಕಳೆದ ಮೇಲೆ ಹೇಳಿದ್ದು, ಅಷ್ಟನ್ನ ಮನಸ್ಸಲ್ಲಿಟ್ಟುಕೊಂಡೇ ಓದಿ. ಆದ್ರೆ ಅದೇ ಕಥೇಲಿ ಡಿಗ್ಬಿ ಒಂದು ಮಾತು ಹೇಳ್ತಾನೆ, ನಿನ್ನ ಲೇಪ ಪಟ್ಟು ಎಲ್ಲ ಕಿತ್ತು ಬಿಸಾಕು, ಗಾಯ ಸ್ವಚ್ಛ ಇಟ್ಕೋ, ತೀರಾ ಬಿಸಿಗೂ ತೀರಾ ತಂಪಿಗೂ ಒಡ್ಡಬೇಡ. ನನ್ನ ಕಣ್ಣಿಗೆ ಔಷಧಿ ಅದೇ. ಐದು ದಿನದಿಂದ ಉರೀತಿದ್ದ ಲೇಪ ತೆಗೆದ್ರೆ ಗಾಳಿ ಆಡಿ ತಂಪಾಗದೆ ಇನ್ನೇನು? ಜೊತೆಗೆ ಊರಿಗೆ ದೊಡ್ಡವನೊಬ್ಬ ಕೈ ಹಾಕಿದ್ದಾನೆ ಅನ್ನೋ ಧೈರ್ಯ. ಡಾಕ್ಟ್ರು ರೌಂಡ್ಸಿಗೆ ಬಂದು ಹೋದ್ರೆ ನೋವು ಕಮ್ಮಿ ಆಯ್ತು ಅನ್ನೋ ರೋಗಿಗಳನ್ನ ನೀವೂ ನೋಡಿರ್ತೀರಿ ಮೇಡಂ, ಅವರು ನಟನೆ ಮಾಡ್ತಿರಲ್ಲ.

ಮಮ್ಮಿ ವಿಷಯ, ಹೌದು, ತಿಂತಿದ್ರು. ಶುರುವಾಗಿದ್ದು ಒಂದು ಮಾತಿನ ಎಡವಟ್ಟಿಂದ. ಪರ್ಷಿಯಾದಲ್ಲಿ ಬೆಟ್ಟದ ಬಂಡೆಯಿಂದ ಒಸರೋ ಡಾಂಬರಿನಂಥ ವಸ್ತುಗೆ ಮೂಮಿಯಾ ಅಂತಿದ್ರು, ನಮ್ಮಲ್ಲಿ ಶಿಲಾಜಿತು ಅಂತಾರಲ್ಲ ಅದರ ನೆಂಟ, ಮೂಳೆ ಮುರಿದ್ರೆ ಗಾಯ ಆದ್ರೆ ಕೊಡ್ತಿದ್ರು. ಈಜಿಪ್ಟಿನ ಹೆಣಗಳ ಮೇಲೂ ಕಪ್ಪಗೆ ಅದೇ ಥರ ಮೆತ್ತಿಕೊಂಡಿರುತ್ತಲ್ಲ, ಹೆಸರು ಹೆಣಕ್ಕೆ ಅಂಟಿಕೊಂಡ್ತು, ಆಮೇಲೆ ಹೆಣವೇ ಔಷಧಿ ಆಗ್ಬಿಡ್ತು. ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂದ್ರೆ ಮಮ್ಮಿ ಪುಡಿ ಕುಡಿಸೋದು. 1580ರಲ್ಲಿ ಕ್ರಿಸ್ಟೋಫ್ ದೇಸ್ ಉರ್ಸಾ ಅನ್ನೋ ಶ್ರೀಮಂತ ಕುದುರೆಯಿಂದ ಬಿದ್ದ, ಚಿಕಿತ್ಸೆ ಮಾಡಿದ್ದು ಇದೇ ಪಾರೆ. ವಾಸಿ ಆದ್ಮೇಲೆ ಆ ಮನುಷ್ಯ, ನನಗೆ ಮಮ್ಮಿ ಯಾಕೆ ಕೊಡ್ಲಿಲ್ಲ ಅಂತ ಕೇಳಿದ. ಪಾರೆಗೆ ಆಗ ಎಪ್ಪತ್ತರ ಹತ್ತಿರ, ಆ ಪ್ರಶ್ನೆಗೆ ಉತ್ತರ ಅಂತ 1582ರಲ್ಲಿ ಒಂದು ಪುಸ್ತಕಾನೇ ಬರೆದ. ನೂರು ಸಲ ಕೊಟ್ಟು ನೋಡಿದೀನಿ, ಹೊಟ್ಟೆನೋವು, ವಾಂತಿ, ಬಾಯಿ ದುರ್ವಾಸನೆ ಬಿಟ್ರೆ ಇನ್ನೇನೂ ಆಗಲ್ಲ ಅಂತ. ಅದ್ರಲ್ಲಿ ಇನ್ನೊಂದು ಸಂಗತಿ ಬರೀತಾನೆ. 1564ರಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದ ಒಬ್ಬ ವೈದ್ಯ ಮಮ್ಮಿ ವ್ಯಾಪಾರಿಯ ಗೋದಾಮಲ್ಲಿ ಹೆಣದ ರಾಶಿ ನೋಡಿದ, ಎಲ್ಲ ಹಳೇ ರಾಜರದ್ದಾ ಅಂತ ಕೇಳಿದ್ರೆ ವ್ಯಾಪಾರಿ, ಇಲ್ಲ, ನಾಲ್ಕು ವರ್ಷದಿಂದ ನಾನೇ ಮಾಡಿದ್ದು, ಗುಲಾಮರದ್ದು ಸಿಕ್ಕಸಿಕ್ಕವರದ್ದು, ಯಾವ ಕಾಯಿಲೇಲಿ ಸತ್ರು ಅಂತ ನಾನು ನೋಡಲ್ಲ ಅಂದನಂತೆ. ಓದಿದಾಗ ಆ ಗುಲಾಮರನ್ನ ನೆನೆದು ಸಂಕಟ ಆಯ್ತು ನನಗೆ, ಬದುಕಿದ್ದಾಗ ಮಾರಿದ್ರು, ಸತ್ತ ಮೇಲೂ ಮಾರಿದ್ರು.

ಪ್ರಶ್ನೆ – ಮೆಡಿಕಲ್ ಶಾಪಿನವರು

ಸರ್ ಬೆಜೋರ್ ಕಲ್ಲು ಅಂತ ಒಂದಿತ್ತಂತಲ್ಲ, ವಿಷಕ್ಕೆಲ್ಲ ಮದ್ದು ಅಂತ. ಅದೂ ನಮ್ಮ ಗೋರೋಚನವೂ ಒಂದೇನಾ?

ಉತ್ತರ – ಸರ್ಜನ್

ಒಂದೇ ಅಲ್ಲ, ಹತ್ತಿರದ ಬಳಗ. ಗೋರೋಚನ ದನದ ಪಿತ್ತಕೋಶದ ಕಲ್ಲು. ಬೆಜೋರ್ ಪರ್ಷಿಯಾದ ಕಾಡುಮೇಕೆಯಂಥ ಪ್ರಾಣಿಗಳ ಹೊಟ್ಟೇಲಿ ಪದರಪದರವಾಗಿ ಬೆಳೆಯೋದು, ವಿಷಹಾರಿ ಅನ್ನೋ ಅರ್ಥದ ಪರ್ಷಿಯನ್ ಮಾತಿಂದ ಬಂದ ಹೆಸರು. ಇದು ಯುರೋಪಿಗೆ ಹೋಗ್ತಿದ್ದ ದಾರಿಗಳಲ್ಲಿ ನಮ್ಮ ಪಕ್ಕದ ಗೋವಾನೂ ಒಂದು. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇದರ ಬಗ್ಗೆ ಬರೆದಿದ್ದಾನೆ, ಆ ಪುಸ್ತಕಾನೂ ನಮ್ಮ ಈ ಗುಂಪಿನ ಹಾಗೆ ಪ್ರಶ್ನೆ ಉತ್ತರದ ರೂಪದಲ್ಲೇ ಇದೆ. ಬೆಲೆ ಜಾಸ್ತಿ ಆಗಿ ಕಲ್ಲು ಸಿಗೋದು ಕಷ್ಟ ಆದಾಗ 17ನೇ ಶತಮಾನದಲ್ಲಿ ಗೋವಾದ ಜೆಸ್ಯೂಟ್ ಪಂಥದ ಕ್ರೈಸ್ತ ಸನ್ಯಾಸಿಗಳು ಕಸ್ತೂರಿ, ಮುತ್ತು, ಬೆಜೋರ್ ಚೂರು ಎಲ್ಲ ಅರೆದು ಉಂಡೆ ಕಟ್ಟಿ ಚಿನ್ನದ ರೇಕು ಹಚ್ಚಿ ಮಾರೋಕೆ ಶುರುಮಾಡಿದ್ರು, ಗೋವಾ ಕಲ್ಲು ಅಂತಾನೇ ಹೆಸರು. ಕೆರೆದು ನೀರಲ್ಲೋ ಟೀಯಲ್ಲೋ ಹಾಕ್ಕೊಂಡು ಕುಡಿಯೋದು.

ಇದನ್ನ ಪರೀಕ್ಷೆ ಮಾಡಿದ್ದೂ ಪಾರೆನೇ, ಆದ್ರೆ ಆ ಪರೀಕ್ಷೆ ನೆನೆದ್ರೆ ಮೈ ನಡುಗುತ್ತೆ. 1560ರ ದಶಕ, ಫ್ರಾನ್ಸಿನ ರಾಜ ಒಂಬತ್ತನೇ ಚಾರ್ಲ್ಸ್‌ಗೆ ಸ್ಪೇನಿಂದ ಒಬ್ಬ ಬೆಜೋರ್ ತಂದುಕೊಟ್ಟಿದ್ದ. ಎಲ್ಲ ವಿಷಕ್ಕೂ ಒಂದೇ ಮದ್ದು ಇರೋಕೆ ಸಾಧ್ಯ ಇಲ್ಲ ಪ್ರಭು, ಒಂದೊಂದು ವಿಷ ಒಂದೊಂದು ಥರ ಕೊಲ್ಲುತ್ತೆ ಅಂದ ಪಾರೆ. ನೋಡೇಬಿಡೋಣ ಅಂತ ಎರಡು ಬೆಳ್ಳಿ ತಟ್ಟೆ ಕದ್ದು ಗಲ್ಲಿಗೆ ಕಾಯ್ತಿದ್ದ ಒಬ್ಬ ಅಡುಗೆಯವನನ್ನ ಕರೆಸಿದ್ರು. ವಿಷ ಕುಡಿದು ಆಮೇಲೆ ಕಲ್ಲು ತಗೋ, ಬದುಕಿದ್ರೆ ಬಿಡುಗಡೆ. ಅವನು ಒಪ್ಪಿದ, ಗಲ್ಲಿಗಿಂತ ವಾಸಿ ಅಂತ. ಕೊಟ್ಟಿದ್ದು ಕರೋಸಿವ್ ಸಬ್ಲಿಮೇಟ್, ಪಾದರಸದ ಭಯಂಕರ ವಿಷ. ಪಾರೆ ಹೋಗಿ ನೋಡಿದಾಗ ಅವನು ಪ್ರಾಣಿ ಥರ ಕೈಕಾಲೂರಿ ನೆಲದ ಮೇಲೆ ಹರಿದಾಡ್ತಿದ್ದ, ನಾಲಿಗೆ ಹೊರಗೆ ಬಂದಿತ್ತು, ಕಣ್ಣು ಮುಖ ಕೆಂಡ. ಪಾರೆ ಎಣ್ಣೆ ಕುಡಿಸಿ ನೋಡಿದ, ಹೊತ್ತು ಮೀರಿತ್ತು. ಸುಮಾರು ಏಳು ಗಂಟೆ ನರಳಿ ಸತ್ತ. ಹೊಟ್ಟೆ ಕೊಯ್ದು ನೋಡಿದ್ರೆ ಜಠರದ ತಳ ಬರೆ ಎಳೆದ ಹಾಗೆ ಕಪ್ಪಾಗಿತ್ತಂತೆ. ರಾಜ ಆ ಕಲ್ಲನ್ನ ಬೆಂಕಿಗೆ ಹಾಕಿಸಿದ. ಎರಡು ತಟ್ಟೆಗೆ ಒಂದು ಪ್ರಾಣ. ಪರೀಕ್ಷೆಯ ಫಲಿತಾಂಶ ಸರಿ ಇರಬಹುದು, ಮಾಡಿದ್ದು ತಪ್ಪು, ಇದನ್ನ ನಾನು ನಮ್ಮ ಹುಡುಗ ಡಾಕ್ಟ್ರಿಗೂ ಹೇಳ್ತಿರ್ತೀನಿ.

ಪ್ರಶ್ನೆ – ಒಬ್ಬ ಸದಸ್ಯರು

ಒಟ್ನಲ್ಲಿ ಅವರಿಗೆ ಆಗ ವಿಜ್ಞಾನ ಗೊತ್ತಿರ್ಲಿಲ್ಲ, ಮೂಢನಂಬಿಕೆ, ಅಷ್ಟೇ ತಾನೇ ಸಾರ್? ಇಷ್ಟುದ್ದ ಯಾಕೆ?

ಉತ್ತರ – ಸರ್ಜನ್

ಅಷ್ಟೇ ಅಲ್ಲ ಸಾರ್, ಅದಕ್ಕೇ ಉದ್ದ ಬರೆದದ್ದು. ಆಯುಧದ ಮುಲಾಮನ್ನ ಎತ್ತಿ ಹಿಡಿದವರು ಆ ಕಾಲದ ಹೊಸ ವಿಜ್ಞಾನದವರೇ. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಮೇಲೆ ಪುಸ್ತಕ ಬರೆದಿದ್ದ. ಒಂದು ಕಲ್ಲು ಮುಟ್ಟದೇ ಕಬ್ಬಿಣ ಎಳೆಯುತ್ತೆ, ಕಣ್ಣೆದುರಿಗೇ. ಚಂದ್ರ ಅಷ್ಟು ದೂರದಿಂದ ಸಮುದ್ರ ಎತ್ತುತ್ತಾನೆ ಅಂತಾರೆ. ಹಾಗಿದ್ರೆ ಕತ್ತಿ ಮೇಲಿನ ರಕ್ತ ಅದೇ ದೇಹದ ಗಾಯವನ್ನ ಯಾಕೆ ಎಳೀಬಾರ್ದು? ಫ್ಲಾಂಡರ್ಸಿನ, ಅಂದ್ರೆ ಈಗಿನ ಬೆಲ್ಜಿಯಂ ಕಡೆಯ ವೈದ್ಯ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ 1621ರ ತನ್ನ ಪುಸ್ತಕದಲ್ಲಿ ಇದನ್ನ ಅಯಸ್ಕಾಂತದ ಥರದ ಚಿಕಿತ್ಸೆ ಅಂತಾನೇ ಕರೆದ. ವಿರೋಧ ಮಾಡಿದವರಲ್ಲಿ ಎಷ್ಟೋ ಜನರ ವಾದ ಏನು ಗೊತ್ತಾ, ಇದು ಕೆಲಸ ಮಾಡಲ್ಲ ಅಂತಲ್ಲ, ಕೆಲಸ ಮಾಡಿದ್ರೆ ಅದು ಸೈತಾನನ ಕೆಲಸ ಅಂತ! 1631ರಲ್ಲಿ ವಿಲಿಯಂ ಫಾಸ್ಟರ್ ಅನ್ನೋ ಪಾದ್ರಿ ಹಾಗೆ ಬರೆದು, ಲಂಡನ್ನಿನ ವೈದ್ಯ ರಾಬರ್ಟ್ ಫ್ಲಡ್ ಮೇಲೆ ಹರಿಹಾಯ್ದ, ಫ್ಲಡ್ ಅದೇ ವರ್ಷ ತಿರುಗಿ ಪುಸ್ತಕ ಬರೆದ. ವಾನ್ ಹೆಲ್ಮಾಂಟನಂತೂ ಇದೇ ಪುಸ್ತಕದ ದೆಸೆಯಿಂದ ಚರ್ಚಿನ ವಿಚಾರಣೆಗೆ ಸಿಕ್ಕಿ ಬಂಧನದಲ್ಲಿ ಇರಬೇಕಾಯ್ತು. ರಸಾಯನ ಶಾಸ್ತ್ರದ ರಾಬರ್ಟ್ ಬಾಯ್ಲ್ ಕೂಡ ಮೂಗಿಂದ ರಕ್ತ ಬಂದಾಗ ಬುರುಡೆ ಪಾಚಿ ಕೈಯಲ್ಲಿ ಹಿಡ್ಕೊಂಡೆ ನಿಂತೋಯ್ತು ಅಂತ ಬರೆದಿದ್ದಾನೆ. ಮೂಗಿನ ರಕ್ತ ಸಾಮಾನ್ಯವಾಗಿ ಸ್ವಲ್ಪ ಹೊತ್ತಲ್ಲಿ ತಾನೇ ನಿಲ್ಲುತ್ತೆ, ಆಗ ಕೈಯಲ್ಲಿ ಏನಿದ್ರೂ ಅದಕ್ಕೇ ಹೆಸರು. ರಾಜ ಮುಟ್ಟಿದ್ರೆ ಗಂಡಮಾಲೆ, ಅಂದ್ರೆ ಕುತ್ತಿಗೇಲಿ ಗಂಟು ಏಳೋ ಕಾಯಿಲೆ, ಹೋಗುತ್ತೆ ಅಂತಿದ್ದದ್ದೂ ಹಾಗೇ, ಆ ಗಂಟುಗಳು ಏಳ್ತವೆ, ಇಳೀತವೆ.

ಪ್ರಶ್ನೆ – ಒಬ್ಬ ಗೃಹಿಣಿ

ಡಾಕ್ಟ್ರೇ, ನಾವು ಬೆರಳು ಕೊಯ್ದುಕೊಂಡ್ರೆ ಕಾಫಿ ಪುಡಿ ಹಾಕ್ತೀವಿ, ರಕ್ತ ನಿಲ್ಲುತ್ತೆ. ನಮ್ಮತ್ತೆ ಸುಣ್ಣ ಹಚ್ಚಿ ಅಂತಾರೆ. ಬೇಡ್ವಾ?

ಉತ್ತರ – ಸರ್ಜನ್

ಬೇಡಮ್ಮ. ಹೋದ ತಿಂಗಳು ಒಬ್ಬರು ಮೇವು ಕೊಯ್ಯುವಾಗ ಕುಡುಗೋಲು ತಾಗಿಸಿಕೊಂಡು ಬಂದ್ರು, ಮೀನಖಂಡ ನಾಲ್ಕು ಬೆರಳಗಲ ತೆರೆದಿತ್ತು, ಒಳಗೆಲ್ಲ ಕಾಫಿ ಪುಡಿ ಹೆಪ್ಪುಗಟ್ಟಿದ ರಕ್ತದ ಜೊತೆ ಗಟ್ಟಿಯಾಗಿ ಕೂತಿತ್ತು. ಹೊಲಿಗೆ ಹಾಕೋಕೆ ಹತ್ತು ನಿಮಿಷ, ಆ ಪುಡಿ ಕಣಕಣವಾಗಿ ಸಲೈನಲ್ಲಿ ತೊಳೆದು ತೆಗೆಯೋಕೆ ಮುಕ್ಕಾಲು ಗಂಟೆ, ಆ ಯಮ್ಮ ಹಲ್ಲು ಕಚ್ಚಿಕೊಂಡು ಕೂತಿದ್ರು ಪಾಪ. ರಕ್ತ ನಿಲ್ಲೋದು ಪುಡಿಯಿಂದಲ್ಲ, ಹಾಕುವಾಗ ನೀವು ಒತ್ತಿ ಹಿಡೀತೀರಲ್ಲ ಅದರಿಂದ. ನಲ್ಲಿ ನೀರಲ್ಲಿ ಚೆನ್ನಾಗಿ ತೊಳೀರಿ, ಒಗೆದ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡೀರಿ, ನಡುವೆ ಎತ್ತಿ ಎತ್ತಿ ನೋಡ್ಬೇಡಿ. ಆಳ ಇದ್ರೆ, ನಿಲ್ಲದಿದ್ರೆ ಆಸ್ಪತ್ರೆಗೆ ಬನ್ನಿ, ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ನೆನಪು ಮಾಡ್ಕೊಂಡು ಬನ್ನಿ.

ಮತ್ತೆ – ಹೈಸ್ಕೂಲ್ ಮೇಷ್ಟ್ರು

ಡಾಕ್ಟ್ರೇ, ಇವತ್ತು ಕ್ಲಾಸಲ್ಲಿ ಹೇಳಿದೆ, ಎಣ್ಣೆ ಮುಗಿದ ರಾತ್ರಿ ಕಥೆ ಹೇಳುವಾಗ ಒಂದು ಸೊಲ್ಲಿರ್ಲಿಲ್ಲ. ಅದೇ ಹುಡುಗಿ ಕೊನೇಲಿ ಕೇಳಿದ್ಲು, ಸಾರ್ ಕುದಿಯೋ ಎಣ್ಣೆ ಹಾಕಿಸಿಕೊಂಡವರಲ್ಲೂ ಬದುಕಿದವರು ಇರ್ತಾರಲ್ಲ, ಅವರು ಎಣ್ಣೆಯಿಂದಾನೇ ಬದುಕಿದೆ ಅಂತ ಹೇಳ್ತಿರ್ಲಿಲ್ವಾ ಅಂತ. ನನಗೆ ಉತ್ತರ ಹೊಳೀಲಿಲ್ಲ.

ಉತ್ತರ – ಸರ್ಜನ್

ಮೇಷ್ಟ್ರೇ ಆ ಹುಡುಗೀನ ಚೆನ್ನಾಗಿ ನೋಡ್ಕೊಳ್ಳಿ. ಹಾಗೇ ಹೇಳ್ತಿದ್ರು. ಬದುಕಿದವನು ಎಣ್ಣೆಗೆ ಕೈಮುಗೀತಿದ್ದ, ಸತ್ತವನದ್ದು ಹಣೆಬರಹ ಆಗ್ತಿತ್ತು. ಎಣ್ಣೆ ಮುಗಿಯೋ ತನಕ ಎಣ್ಣೆ ಹಾಕದ ಗಾಯ ಹೇಗಿರುತ್ತೆ ಅಂತ ಪಾರೆ ನೋಡೇ ಇರ್ಲಿಲ್ಲ. ಒಂದೇ ಕಡೆ, ಒಂದೇ ದಿನ, ಎರಡೂ ಥರದವರು ಪಕ್ಕಪಕ್ಕ ಮಲಗಿದ್ದು ಅವನಿಗೆ ಅದೃಷ್ಟದಿಂದ ಸಿಕ್ಕಿದ್ದು.

ಅದನ್ನ ಬೇಕಂತಲೇ ಮಾಡೋಣ ಬನ್ನಿ ಅಂತ ಕರೆದವನು ಯಾರು ಗೊತ್ತಾ? ಇದೇ ವಾನ್ ಹೆಲ್ಮಾಂಟ್, ಆಯುಧದ ಮುಲಾಮು ನಂಬಿದವನು, ಕೊಳಕು ಅಂಗಿ ಜೊತೆ ಗೋಧಿ ಇಟ್ರೆ 21 ದಿನದಲ್ಲಿ ಇಲಿ ಹುಟ್ಟುತ್ತೆ ಅಂತ ಬರೆದವನು. ಆಗ ಜ್ವರ ಬಂದ್ರೆ ರಕ್ತ ತೆಗೆಯೋದು, ಭೇದಿ ಮಾಡಿಸೋದು ದೊಡ್ಡ ವೈದ್ಯರ ಪದ್ಧತಿ, ಇವನಿಗೆ ಅದು ಕಂಡ್ರೆ ಆಗ್ತಿರ್ಲಿಲ್ಲ. ಅವನು ಸತ್ತ ಮೇಲೆ 1648ರಲ್ಲಿ ಅಚ್ಚಾದ ಪುಸ್ತಕದಲ್ಲಿ ಸವಾಲು ಹಾಕ್ತಾನೆ. ಆಸ್ಪತ್ರೆ, ದಂಡು, ಎಲ್ಲಿಂದಾದ್ರೂ ಸರಿ, ಜ್ವರ ಬಂದ 200 ಅಥವಾ 500 ಬಡವರನ್ನ ತಗೊಳ್ಳೋಣ, ಎರಡು ಭಾಗ ಮಾಡಿ ಚೀಟಿ ಎತ್ತೋಣ, ಒಂದು ಭಾಗ ನನಗೆ ಒಂದು ನಿಮಗೆ. ನಾನು ರಕ್ತ ತೆಗೀದೇ ನೋಡ್ಕೋತೀನಿ, ನೀವು ನಿಮ್ಮ ಪದ್ಧತೀಲಿ ನೋಡ್ಕೊಳ್ಳಿ, ಯಾರ ಕಡೆ ಎಷ್ಟು ಹೆಣ ಏಳುತ್ತೆ ಎಣಿಸೋಣ. ಪಣ 300 ಫ್ಲೋರಿನ್. ಯಾವ ವೈದ್ಯನೂ ಆ ಪಣಕ್ಕೆ ಬರ್ಲಿಲ್ಲ. ರಕ್ತ ತೆಗೆಯೋದು ಇನ್ನೂ ಇನ್ನೂರು ವರ್ಷ ನಡೀತು.

ಇದನ್ನ ಆ ಹುಡುಗಿಗೆ ಹೇಳಿ. ಹೇಳಿ, ರೋಗಿಗಳನ್ನ ವೈದ್ಯರೇ ಆರಿಸಿಕೊಳ್ಳದೆ ಚೀಟಿ ಯಾಕೆ ಎತ್ತಬೇಕು ಅಂತ ಅವಳನ್ನೇ ಕೇಳಿ. ಏನಂದ್ಲು ಅಂತ ಇಲ್ಲಿ ಬರೀರಿ, ನಾಳೆ ಓಪಿಡಿ ಮುಗಿಸಿ ನೋಡ್ತೀನಿ.